ತ್ರಿವೇಣಿ ಕಲಿಸಿದ ಉತ್ತರ

ದೀಪಾವಳಿ ಮುಗಿದು ಪುಣೆಗೆ ಆಗಷ್ಟೇ ಚಳಿ ಬಿದ್ದಿತ್ತು. ಬೆಳಗಿನ ಬಿಸಿಲು ಬಂಗಲೆಯ ದೊಡ್ಡ ಹಾಲಿಗೆ ಬಂದು ಸೋಫಾದ ಮೇಲೆ ಕೂರುವ ಹೊತ್ತು. ಆ ಬಿಸಿಲಿನಲ್ಲೇ ನಾಲ್ಕು ವರ್ಷದ ಪೂರ್ವಾ ಹೊಸ ಫ್ರಾಕು ಹಾಕಿಕೊಂಡು, ನೆಲಕ್ಕೆ ಎಟುಕದ ಕಾಲುಗಳನ್ನು ಆಡಿಸುತ್ತ ಕುಳಿತಿದ್ದಳು. ಎದುರಿಗೆ ನಿಖಿತಾ ಎಂಬ ಬೆಂಗಳೂರಿನ ಹುಡುಗಿ. ಸಿರಿವಂತರ ಮಕ್ಕಳಿಗೆ ಶಾಲೆ ಹುಡುಕಿಕೊಡುವುದು, ಆ ಶಾಲೆಯವರು ನಡೆಸುವ ಇಂಟರ್ವ್ಯೂಗೆ ಮನೆಮಂದಿಯನ್ನೆಲ್ಲ ತಯಾರು ಮಾಡುವುದು ಅವಳ ಕಸುಬು.

"ಪೂರ್ವಾ, ನಾನೇ ಸ್ಕೂಲ್ ಮಿಸ್ ಅಂದ್ಕೋ, ಆಯ್ತಾ? ನಿನ್ನ ಅಮ್ಮ ಯಾರು, ತೋರಿಸ್ತೀಯಾ?"

ಪೂರ್ವಾ ತಡಮಾಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತಿದ್ದ ದೊಡ್ಡ ಸೊಸೆ ತ್ರಿವೇಣಿಯ ಕಡೆ ಬೆರಳು ಮಾಡಿದಳು.

"ಅವ್ವ."

"ಹಾಗಾದ್ರೆ ಇವರು?" ನಿಖಿತಾ ಮಗುವಿನ ಪಕ್ಕದಲ್ಲೇ ಕುಳಿತಿದ್ದ ಚಿಕ್ಕ ಸೊಸೆ ಶೈಲಶ್ರೀಯನ್ನು ತೋರಿಸಿದಳು.

"ವೈನಿ."

ಹೆತ್ತ ತಾಯಿ ಶೈಲಶ್ರೀ. ಆದರೆ ಮನೆಯ ಡ್ರೈವರು, ಅಡುಗೆಯವಳು, ಪೇಟೆಯ ಗುಮಾಸ್ತರು ಎಲ್ಲರೂ ಅವಳನ್ನು ಅತ್ತಿಗೆ ಎಂಬ ಅರ್ಥದಲ್ಲಿ ವೈನಿ ಅನ್ನುತ್ತಿದ್ದರು. ಮಗು ಕಿವಿಗೆ ಬಿದ್ದದ್ದನ್ನೇ ಅಂದಿತು. ತುಂಬಿದ ಮನೆಗಳಲ್ಲಿ ಇದು ಹೊಸದೇನಲ್ಲ. ಅಜ್ಜಿಯನ್ನು ಅವ್ವ ಎಂದು, ಅಪ್ಪನನ್ನು ಅಣ್ಣ ಎಂದು ಕರೆದು ಬೆಳೆದ ಮಕ್ಕಳು ಆ ಬಳಗದಲ್ಲಿ ಎಷ್ಟೋ. ತ್ರಿವೇಣಿಯ ಗಂಡ, ಮನೆಯ ದೊಡ್ಡ ಮಗ ಮುರುಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೋಡ್ರಿ ಮೇಡಮ್, ನಾನೂ ಹೈಸ್ಕೂಲಿಗೆ ಹೋಗೋತನಕ ನಮ್ಮಪ್ಪಗ ಸಾವ್ಕಾರ ಅಂತಿದ್ದೆ!"

ಅವನೊಬ್ಬನೇ ನಕ್ಕದ್ದು. ಶೈಲಶ್ರೀ ಎದ್ದು ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂಲೆಯ ಕುರ್ಚಿಯಲ್ಲಿ ಮೆಂತೆಸೊಪ್ಪು ಸೋಸುತ್ತ ಕುಳಿತಿದ್ದ ಸೊಸೆಯರಿಬ್ಬರ ಅತ್ತೆ ಭೀಮವ್ವನ ಕೈ ನಿಂತಿತು. ಆ ಬಾಗಿಲ ಸದ್ದು ಭೀಮವ್ವನಿಗೆ ಇಂದಿಗೂ ಕೇಳುತ್ತದೆ...

ಆ ಮಗುವನ್ನು ತ್ರಿವೇಣಿಯ ಮಡಿಲಿಗೆ ಹಾಕಿದವಳು ಭೀಮವ್ವನೇ. ತ್ರಿವೇಣಿ ಆ ಮನೆಗೆ ಬಂದು ವರ್ಷಗಳಾಗಿದ್ದರೂ ಅವಳ ಮಡಿಲು ತುಂಬಿರಲಿಲ್ಲ. ಶೈಲಶ್ರೀ ಓದಿದವಳು, ಗಂಡ ಬಸವಲಿಂಗನ ಜೊತೆ ಬೆಲ್ಲ ಸಕ್ಕರೆಯ ರಫ್ತಿನ ಆಫೀಸು ನೋಡಿಕೊಳ್ಳುತ್ತಿದ್ದಳು. ಹೆರಿಗೆಯಾದ ಮೇಲೆ ಅವಳಿಗೆ ಜ್ವರ ಹಿಡಿದು ತಿಂಗಳುಗಟ್ಟಲೆ ಏಳಲಿಲ್ಲ. ಆಗ ಭೀಮವ್ವ ಬಟ್ಟೆ ಸುತ್ತಿದ ಕೂಸನ್ನು ದೊಡ್ಡ ಸೊಸೆಯ ತೊಡೆಯ ಮೇಲಿಟ್ಟು, "ತಗೋ, ಇನ್ನ ಮ್ಯಾಲ ಇದರ ಅವ್ವ ನೀನ" ಅಂದಿದ್ದಳು. ಒಬ್ಬಳಿಗೆ ಆರಾಮ, ಇನ್ನೊಬ್ಬಳಿಗೆ ಸಮಾಧಾನ, ಒಂದೇ ಮಾತಿನಲ್ಲಿ ಎರಡು ಕೆಲಸವಾಯಿತೆಂದು ಹಿಗ್ಗಿದ್ದಳು. ಶೈಲಶ್ರೀಗೆ ಜ್ವರ ಬಿಟ್ಟಿತು, ಆಫೀಸು ಶುರುವಾಯಿತು. ಮಗು ಮಾತ್ರ ಆ ತೊಡೆಯ ಮೇಲೇ ಉಳಿಯಿತು. ಶೈಲಶ್ರೀ ಸಂಜೆ ಬಂದು ಕೈ ಚಾಚಿದರೆ ತ್ರಿವೇಣಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿತ್ತು. ಎಲ್ಲರೂ ನಗುತ್ತಿದ್ದರು. ಶೈಲಶ್ರೀಯೂ ನಗುತ್ತಿದ್ದಳು. ಆ ನಗೆಯ ಒಳಗೆ ಏನಿದೆ ಎಂದು ಯಾರೂ ಇಣುಕಿ ನೋಡಲಿಲ್ಲ.

ಇನ್ನು ಶಾಲೆಯ ಮಾತು. ಬಸವಲಿಂಗನ ತೀರಿಹೋದ ಅಪ್ಪ ಮಹಾಲಿಂಗಪುರದಿಂದ ಪೆಂಟಿಗಳ, ಅಂದರೆ ಬೆಲ್ಲದ ದೊಡ್ಡ ಅಚ್ಚುಗಳ ಜೊತೆ ಲಾರಿಯಲ್ಲಿ ಕುಳಿತು ಪುಣೆಯ ಪೇಟೆಗೆ ಬಂದವರು. ಬೆಲ್ಲದ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಅವರಿಗೊಂದು ರೂಢಿ ಇತ್ತು. ಪೆಂಟಿಯನ್ನು ಮುಟ್ಟಿ ನೋಡುವ ಮೊದಲು ಸವಾಲಿಗೆ ಯಾರು ಯಾರು ನಿಂತಿದ್ದಾರೆಂದು ನೋಡುವುದು. ಮಗ ಶಾಲೆಯನ್ನೂ ಹಾಗೆಯೇ ನೋಡಿದ. ಯಾವ ಶಾಲೆಗೆ ಹೋದರೂ ಒಳಗೆ ಹೋಗುವ ಮೊದಲು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಕಾರು ನಿಲ್ಲಿಸಿಕೊಂಡು ಕೂರುತ್ತಿದ್ದ. ಒಂದು ಕಡೆ ಕುದುರೆ ಸವಾರಿ ಇತ್ತು, ಕುದುರೆಗಳ ಲಾಯಕ್ಕೂ ತಂಪು ಗಾಳಿಯ ಯಂತ್ರ ಹಾಕಿದ್ದರು. ಇನ್ನೊಂದು ಕಡೆ ನೀಲಿ ಕಲ್ಲಿನ ಈಜುಕೊಳ. "ಊಟಕ್ಕ ಏನ ಕೊಡ್ತಾರಪಾ?" ಎಂದು ಭೀಮವ್ವ ಕೇಳಿದರೆ, ಬಸವಲಿಂಗ, "ಅದನ್ನ ಯಾರು ಕೇಳ್ತಾರವಾ? ಯಾರ ಮನಿ ಮಕ್ಕಳು ಬರ್ತಾವ ಅನ್ನೋದ ಮುಖ್ಯ. ನಾಳೆ ನಮ್ಮ ಹುಡುಗಿ ಇವರ ಜೊತೀನ ಬೆಳೀಬೇಕು, ಇವರ ಜೊತೀನ ವ್ಯವಹಾರ ಮಾಡಬೇಕು" ಅನ್ನುತ್ತಿದ್ದ. ಕೊನೆಗೆ ಅವನ ಕಣ್ಣು ನಿಂತದ್ದು ಹಿಂಜವಾಡಿ ದಾಟಿದ ಮೇಲೆ ಸಿಗುವ ಗುಡ್ಡದ ಮೇಲಿನ ಶಾಲೆಯ ಮೇಲೆ. ಅಲ್ಲಿ ದುಡ್ಡೊಂದೇ ಸಾಲದಂತೆ. ಒಂದೇ ಮನೆಯಲ್ಲಿರುವವರೆಲ್ಲ ಬಂದು ಎದುರಿಗೆ ಕೂರಬೇಕಂತೆ. ಮನೆತನ ನೋಡಿಯೇ ಸೇರಿಸಿಕೊಳ್ಳುವುದಂತೆ.

"ಆಂಟಿ, ಬೇಜಾರು ಮಾಡ್ಕೋಬೇಡಿ," ಎಂದು ನಿಖಿತಾ ಆ ದಿನ ಹೋಗುವಾಗ ಭೀಮವ್ವನಿಗೆ ಹೇಳಿದಳು. "ಮಗು ಅಲ್ಲಿ ಹೀಗಂದ್ರೆ, ಪೇರೆಂಟ್ಸ್ ಮಗೂನ ನೋಡ್ಕೊಳ್ಳೋದೇ ಇಲ್ಲ ಅಂದ್ಕೋತಾರೆ. ಸ್ವಲ್ಪ ದಿನ ದೊಡ್ಡಮ್ಮನ ಹತ್ರ ಮಲಗೋದು ಬೇಡ, ಅಷ್ಟೇ."

ಅವಳು ಹೇಳಿದ್ದು ಅಷ್ಟೇ. ಆದರೆ ಮಧ್ಯಾಹ್ನ ಭೀಮವ್ವ ದೇವರ ಕೋಣೆಯಲ್ಲಿದ್ದಾಗ ಶೈಲಶ್ರೀ ಬಂದು ಹೊಸ್ತಿಲಲ್ಲಿ ಕುಳಿತಳು. ಅತ್ತು ಅತ್ತು ಮುಖ ಊದಿತ್ತು.

"ಅತ್ತೀ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಶಾಲಿ ಸಿಗಲಿ, ಬಿಡಲಿ... ನಾ ಹಡದದ್ದು ಖರೇ ಹೌದಲ್ರಿ?"

"ಹಂಗ್ಯಾಕ ಅಂತೀ?"

"ನಾ ಆಫೀಸಿಂದ ಬಂದ್ರ ನನ್ನ ಮಗಳು 'ವೈನಿ ಬಂದ್ರು' ಅಂತಾಳ್ರಿ. ಡ್ರೈವರ್ ಅಂದಂಗ. ನಾ ನಕ್ಕೋತ ಒಳಗ ಹೋಗ್ತೀನಿ. ಎಷ್ಟು ದಿನ ನಗಬೇಕ್ರಿ?... ಅಕ್ಕನ ಮ್ಯಾಲ ನನಗೇನೂ ಸಿಟ್ಟಿಲ್ಲ. ಆದರ ಆಕಿ ಕಣ್ಣೆದುರು ಇರೋತನಕ ಪೂರ್ವಾ ನನ್ನ ಕಡೆ ತಿರುಗೋದಿಲ್ಲ."

ಒಬ್ಬಳ ನೋವು ಎದುರಿಗೆ ಕುಳಿತು ಅಳುತ್ತಿತ್ತು. ಇನ್ನೊಬ್ಬಳ ನೋವು ಅಡುಗೆಮನೆಯಲ್ಲಿ ಸದ್ದಿಲ್ಲದೆ ರೊಟ್ಟಿ ಬಡಿಯುತ್ತಿತ್ತು. ಮನುಷ್ಯರು ಎದುರಿಗೆ ಅಳುವವರ ಕಣ್ಣೀರನ್ನೇ ಮೊದಲು ಒರೆಸುತ್ತಾರೆ. ಭೀಮವ್ವನೂ ಹಾಗೆಯೇ ಮಾಡಿದಳು. ಬಾರಾಮತಿಯಲ್ಲಿ ಅವರದೊಂದು ಗೋದಾಮು ಇತ್ತು, ಮೇಲೆ ಎರಡು ಕೋಣೆಯ ಮನೆ. ಕಬ್ಬಿನ ಹಂಗಾಮು ನಡೆದಿತ್ತು. ಮುರುಗೆಪ್ಪ ಹೇಗೂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರುತ್ತಿದ್ದ.

ಸಂಜೆ ತ್ರಿವೇಣಿಯನ್ನು ಕರೆದು ಹೇಳಿದಳು. "ಮುರುಗೆಪ್ಪಗ ಅಲ್ಲಿ ಊಟದ್ದು ಭಾಳ ತ್ರಾಸ ಆಗೇದ. ನೀನೂ ಹೋಗಿ ಇರು."

ತ್ರಿವೇಣಿ ಅತ್ತೆಯ ಮುಖ ನೋಡಿದಳು. ಬುದ್ಧಿ ಇರುವ ಹೆಣ್ಣು, ಎಲ್ಲ ತಿಳಿಯಿತು.

"ಎಷ್ಟು ದಿನ್ರಿ, ಅತ್ತೀ?"

"ಇಂಟರ್ವ್ಯೂ ಮುಗಿಯೋತನಕ."

"ಹೂಂ ಅಂತೀನ್ರಿ. ಎರಡು ದಿನ ಕೊಡ್ರಿ. ಕೂಸಿಗೆ ಒಂದಿಷ್ಟು ಹೇಳಿಕೊಡೋದದ."

ಏನು ಹೇಳಿಕೊಡುವುದಿದೆ ಎಂದು ಭೀಮವ್ವ ಕೇಳಲಿಲ್ಲ. ಮರುದಿನ ಮಧ್ಯಾಹ್ನ ಒಣಗಿದ ಬಟ್ಟೆ ತರಲು ಹಿಂದಿನ ಅಂಗಳಕ್ಕೆ ಹೋದಾಗ ತ್ರಿವೇಣಿಯ ಕೋಣೆಯ ಕಿಟಕಿಯಿಂದ ಮಾತು ಕೇಳಿಸಿತು. ಪೂರ್ವಾಳ ಬಾಯಲ್ಲಿ ಏನೋ ಇತ್ತು, ಶೇಂಗಾ ಬೆಲ್ಲ ಇರಬೇಕು.

"ನಿನ್ನ ಮಮ್ಮಿ ಯಾರು?"

"ವೈನಿ... ಅಲ್ಲ, ಅಲ್ಲ. ಶೈಲಾ ಮಮ್ಮಿ."

"ಶಾಣ್ಯಾಕಿ. ತಗೋ. ಈಗ ಹೇಳು, ನಾ ಯಾರು?"

"ಅವ್ವ."

"ಅಲ್ಲ. ನಮ್ಮ ಮನಿಯವರು ನಿನ್ನ ದೊಡ್ಡಪ್ಪ. ನಾ ದೊಡ್ಡವ್ವ."

"ದೊಡ್ಡ ಅವ್ವ ಅಂದ್ರ ಅವ್ವನಕಿಂತ ದೊಡ್ಡಾಕಿನ?"

ಡಬ್ಬಿ ಸರಿಸಿದ ಸದ್ದಾಯಿತು.

"ಇಲ್ಲ ಪುಟ್ಟಿ. ಮಮ್ಮಿನ ದೊಡ್ಡಾಕಿ. ಇನ್ನೊಮ್ಮೆ ಹೇಳು, ನಾ ಯಾರು?"

"ದೊಡ್ಡವ್ವ."

"ಶಾಣ್ಯಾಕಿ... ತಗೋ."

ಭೀಮವ್ವ ಒಣಗಿದ ಸೀರೆಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತಳು. ಒಳಗೆ ಹೋಗಿ, ಸಾಕು ನಿಲ್ಲಿಸು, ನೀನೆಲ್ಲೂ ಹೋಗಬೇಡ ಅಂದುಬಿಡಲೇ ಅನ್ನಿಸಿತು. ಕಾಲು ಒಂದು ಹೆಜ್ಜೆ ಮುಂದೆ ಬಂದದ್ದೂ ಖರೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಹಿರಿತನ ಎಲ್ಲಿ ಉಳಿಯಿತು ಎಂಬ ಬಿಗುಮಾನ... ಸೀರೆ ಮಡಚಿಕೊಂಡು ಒಳಗೆ ಹೋದಳು.

ತ್ರಿವೇಣಿ ಗಂಡನ ಜೊತೆ ಬಾರಾಮತಿಗೆ ಹೋದಾಗ ಪೂರ್ವಾ ನಿದ್ದೆಯಲ್ಲಿದ್ದಳು. ಎದ್ದ ಮೇಲೆ ಅವ್ವ, ಅವ್ವ ಎಂದು ಕೋಣೆ ಕೋಣೆ ತಿರುಗಿದಳು. ಹಟ ಮಾಡಿದಳು, ಜ್ವರ ಬಂತು. ಶೈಲಶ್ರೀ ಆಫೀಸಿಗೆ ರಜೆ ಹಾಕಿ ಹಗಲಿಡೀ ಅವಳ ತಲೆಯ ಬಳಿ ಕುಳಿತಳು. ಜ್ವರ ಇಳಿಯಿತು. ಒಂದು ಬೆಳಗ್ಗೆ ಹಾಲಿನ ಲೋಟ ತೆಗೆದುಕೊಳ್ಳುತ್ತ ಪೂರ್ವಾ "ಥ್ಯಾಂಕ್ಯೂ ಮಮ್ಮಿ" ಅಂದಾಗ ಶೈಲಶ್ರೀ ಆ ಲೋಟ ಹಿಡಿದ ಕೈಯನ್ನೇ ಕಣ್ಣಿಗೊತ್ತಿಕೊಂಡಳು. ಭೀಮವ್ವ ನೋಡಿದಳು, ನೋಡಿ ಸಂತೋಷಪಟ್ಟಳು. ಸುಳ್ಳು ಹೇಳಬಾರದು, ಆ ಹೊತ್ತಿಗೆ ತಾನು ಮಾಡಿದ್ದೇ ಸರಿ ಅನ್ನಿಸಿತ್ತು.

ಸಂಕ್ರಾಂತಿ ಕಳೆದು ಇಂಟರ್ವ್ಯೂ ಬಂತು. ಗುಡ್ಡದ ಮೇಲೆ ತಣ್ಣನೆಯ ಗಾಳಿ, ಗಾಜಿನ ಗೋಡೆಯ ಕೋಣೆ. ಶಾಲೆಯ ಹಿರಿಯ ಬಾಯಿ, ಅಂದರೆ ದೊಡ್ಡ ಟೀಚರು, ಬಿಳಿಗೂದಲಿನವರು, ಮರಾಠಿಯಲ್ಲಿ ಮೆತ್ತಗೆ ಮಾತಾಡುವವರು. ಅಮ್ಮ ಯಾರೆಂದು ಕೇಳಿದರು. ಪೂರ್ವಾ ಕಲಿಸಿದ್ದನ್ನು ಒಪ್ಪಿಸಿದಳು. ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದರೆ, ಉತ್ತರ ಕೊಡುವ ಮೊದಲು ಮಮ್ಮಿಯ ಮುಖ ನೋಡಿದಳು. ಆಮೇಲೆ, "ಅಜ್ಜಿ. ಮತ್ತ ಯಾರೂ ಇಲ್ಲ" ಅಂದಳು.

ಬಾಯಿ ಭೀಮವ್ವನ ಕಡೆ ತಿರುಗಿ ನಕ್ಕರು. "ಅಜ್ಜಿ, ಮಗುವಿಗೆ ಬಹಳ ಚೆನ್ನಾಗಿ ಪಾಠ ಮಾಡಿಸಿದ್ದೀರಿ. ಇಷ್ಟೆಲ್ಲ ಬೇಕಿರಲಿಲ್ಲ. ಹೋದ ವರ್ಷ ಒಬ್ಬ ಹುಡುಗ ಸೋದರತ್ತೆಯನ್ನು ತೋರಿಸಿ ಇವಳೇ ನನ್ನ ಅಮ್ಮ ಅಂದ. ಅವನ ಅಮ್ಮ ಪಕ್ಕದಲ್ಲೇ ಇದ್ದಳು. ನಾವೆಲ್ಲ ನಕ್ಕುಬಿಟ್ಟೆವು, ಸೇರಿಸಿಕೊಂಡೆವು. ಮಗು ಏನು ಹೇಳುತ್ತದೆ ಅಂತ ನಾವು ನೋಡುವುದಿಲ್ಲ. ಹೆದರದೆ ಮಾತಾಡುತ್ತದೋ ಇಲ್ಲವೋ, ಅದನ್ನಷ್ಟೇ ನೋಡುತ್ತೇವೆ."

ಬಸವಲಿಂಗ ತಲೆಯಾಡಿಸಿ ನಕ್ಕ. ಶೈಲಶ್ರೀ ನಗಲಿಲ್ಲ. ಭೀಮವ್ವನಿಗೆ ಕುಳಿತ ಕುರ್ಚಿಯೇ ಕೆಳಗೆ ಸರಿದಂತಾಯಿತು. ಇದಕ್ಕಾಗಿ... ಇಷ್ಟಕ್ಕಾಗಿ ಆ ಹೆಣ್ಣನ್ನು ಮನೆ ಬಿಡಿಸಿದೆನೇ ಎಂದುಕೊಂಡಳು.

ಸೀಟು ಸಿಕ್ಕಿತು. ಪೇಟೆಯಲ್ಲೆಲ್ಲ ಪೇಢೆ ಹಂಚಿದರು. ಮನೆಗೆ ಬಂದ ಸಂಜೆಯೇ ಭೀಮವ್ವ, "ಇನ್ನ ತ್ರಿವೇಣಿನ್ನ ಕರಸೂಣು" ಅಂದಳು.

"ಒಂದು ಸ್ವಲ್ಪ ದಿನ, ಅತ್ತೀ," ಎಂದಳು ಶೈಲಶ್ರೀ, ನೆಲ ನೋಡುತ್ತ. "ಈಗಷ್ಟ ನನ್ನ ಹತ್ರ ಮಲಗಾಕ ಕಲ್ತಾಳ. ಶಾಲಿ ಶುರು ಆಗಲಿ."

ಸ್ವಲ್ಪ ದಿನ ಸ್ವಲ್ಪ ದಿನ ಎನ್ನುತ್ತ ಯುಗಾದಿ ಹೋಯಿತು, ಬೇಸಿಗೆ ಹೋಯಿತು. ಬಸವಲಿಂಗ ಬಾರಾಮತಿಯ ಗೋದಾಮನ್ನು ದೊಡ್ಡದು ಮಾಡಿದ. ತ್ರಿವೇಣಿ ಫೋನಿನಲ್ಲಿ ಎಂದೂ ಮಗುವನ್ನು ಕೊಡಿ ಅನ್ನಲಿಲ್ಲ. "ಉಂಡಳೇನ್ರಿ? ಕೆಮ್ಮು ಬಂದಿತ್ತಲ್ಲ, ಹೋತೇನ್ರಿ?" ಎಂದು ಅತ್ತೆಯನ್ನೇ ಕೇಳಿ ಇಟ್ಟುಬಿಡುತ್ತಿದ್ದಳು.

ಶಾಲೆ ಶುರುವಾಗುವ ದಿನಕ್ಕೆ ಬರುವಂತೆ ಭೀಮವ್ವ ಯಾರನ್ನೂ ಕೇಳದೆ ಬಾರಾಮತಿಗೆ ಫೋನು ಮಾಡಿಸಿ ದೊಡ್ಡ ಸೊಸೆಯನ್ನು ಕರೆಸಿದಳು. ಅಂದು ಬೆಳಗ್ಗೆ ಹೊರಗೆ ಜಿನುಗು ಮಳೆ. ತ್ರಿವೇಣಿ ಬಂದಳು, ಸೊರಗಿದ್ದಳು. ಕೈಯಲ್ಲಿ ಶೇಂಗಾ ಬೆಲ್ಲದ ಡಬ್ಬಿ. ಕೆಂಪು ಕೋಟು, ಟೈ ಹಾಕಿದ ಪೂರ್ವಾ ಮೆಟ್ಟಿಲಿಳಿದು ಬಂದು, ಕಲಿಸಿದ ಹಾಗೆ ಕೈ ಕಟ್ಟಿ ನಿಂತಳು.

"ಹಲೋ, ದೊಡ್ಡವ್ವ."

"ಹಲೋ ಪುಟ್ಟಿ," ಅಂದಳು ತ್ರಿವೇಣಿ. ಮಂಡಿಯೂರಿ ಕುಳಿತು ಟೈ ಸರಿಮಾಡಿದಳು.

ಪೂರ್ವಾ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಬಾಗಿ ಅವಳ ಕಿವಿಯಲ್ಲಿ ಕೇಳಿದಳು. ಗುಟ್ಟೆಂದುಕೊಂಡು ಕೇಳಿದ್ದು, ಆದರೆ ಮಕ್ಕಳ ಗುಟ್ಟು ಮನೆಯೆಲ್ಲ ಕೇಳುತ್ತದೆ.

"ಇಂಟರ್ವ್ಯೂ ಮುಗೀತಲ್ಲ. ಈಗರ ಅವ್ವ ಅನ್ನಲೇನು?"

ಅಷ್ಟು ತಿಂಗಳು ಆ ಮಗು ಅದನ್ನು ಒಂದು ಆಟವೆಂದು ತಿಳಿದು, ಆಟ ಮುಗಿಯುವುದನ್ನೇ ಕಾಯುತ್ತಿತ್ತು!

ತ್ರಿವೇಣಿಯ ಕಣ್ಣು ಮಗುವಿನ ಹೆಗಲಾಚೆ ಹೋಯಿತು. ಮೆಟ್ಟಿಲ ಮೇಲೆ ಶಾಲೆಯ ನೀರಿನ ಬಾಟಲಿ ಹಿಡಿದುಕೊಂಡು ಶೈಲಶ್ರೀ ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಸೋಫಾದ ಬಳಿ ಭೀಮವ್ವ ಇದ್ದಳು. ಯಾರಾದರೂ ಒಬ್ಬರು, ಅನ್ನಲಿ ಬಿಡು, ಅಂದಿದ್ದರೆ ಸಾಕಿತ್ತು. ಶೈಲಶ್ರೀಯ ತುಟಿ ಅಲುಗಿತು. ಭೀಮವ್ವ ಚಿಕ್ಕ ಸೊಸೆಯ ಕಡೆ ನೋಡಿದಳು... ಇವಳು ಅನ್ನಲಿ ಎಂದು ಅವಳು, ಅವಳು ಅನ್ನಲಿ ಎಂದು ಇವಳು.

"ಇಲ್ಲ ಪುಟ್ಟಿ," ಅಂದಳು ತ್ರಿವೇಣಿ. "ದೊಡ್ಡವ್ವ ಅನ್ನೋದ ಛಂದ ಅದ. ಹೋಗು, ಮಮ್ಮಿ ಕಾಯಾಕತ್ತಾಳ. ಹೊತ್ತಾತು."

ಪೂರ್ವಾ ಹೂಂ ಎಂದು ತಲೆಯಾಡಿಸಿದಳು. ಹಟ ಮಾಡಲಿಲ್ಲ. ಹೋಗಿ ಶೈಲಶ್ರೀಯ ಬೆರಳು ಹಿಡಿದುಕೊಂಡಳು. ಕಾರು ಗೇಟು ದಾಟಿತು.

ತ್ರಿವೇಣಿ ಊಟಕ್ಕೂ ನಿಲ್ಲಲಿಲ್ಲ. "ಇರವಾ, ಇದು ನಿನ್ನ ಮನಿನೂ ಹೌದು" ಎಂದು ಭೀಮವ್ವ ಕೈ ಹಿಡಿದಳು.

"ಸಿಟ್ಟಿಲ್ರಿ ಅತ್ತೀ," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ. "ನಾ ಇಲ್ಲಿದ್ರ ಕೂಸು ದಿನಾ ಇದನ್ನ ಕೇಳ್ತಾಳ. ದಿನಾ ಇಲ್ಲ ಅನ್ನಾಕ ನನಗ ಆಗೂದಿಲ್ಲ."

ಸಂಜೆ ಶೈಲಶ್ರೀ ಬಂದು ಟೇಬಲ್ಲಿನ ಮೇಲಿದ್ದ ಶೇಂಗಾ ಬೆಲ್ಲದ ಡಬ್ಬಿ ನೋಡಿದಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆಯ ಬಳಿ ಬಂದು ಕುಳಿತಳು.

"ಅತ್ತೀ... ನೀವರ ಒಂದು ಮಾತು ಅನಬಾರದಿತ್ತೇನ್ರಿ?"

"ನಾನೂ ನಿನಗ ಅದನ್ನ ಕೇಳಬೇಕಂತ ಕುಂತೀನವಾ," ಅಂದಳು ಭೀಮವ್ವ.

ಪೂರ್ವಾ ಈಗ ಚೆನ್ನಾಗಿ ಓದುತ್ತಾಳೆ, ಕುದುರೆಯನ್ನೂ ಹತ್ತುತ್ತಾಳೆ. ದೊಡ್ಡ ದೊಡ್ಡ ಮನೆಗಳ ಮಕ್ಕಳು ಹುಟ್ಟುಹಬ್ಬಕ್ಕೆ ಬರುತ್ತಾರೆ. ಬಸವಲಿಂಗ ಬಯಸಿದ್ದೆಲ್ಲ ಆಗಿದೆ. ಯಾರು ಏನು ಕೇಳಿದರೂ ಆ ಹುಡುಗಿ ಮೊದಲು ಎದುರಿನವರ ಮುಖ ನೋಡುತ್ತಾಳೆ, ಆಮೇಲೆ ಉತ್ತರ ಕೊಡುತ್ತಾಳೆ. ಶಾಲೆಯವರು ಅದನ್ನು ವಿನಯ ಅನ್ನುತ್ತಾರೆ. ಭೀಮವ್ವ ಎದ್ದು ಒಳಗೆ ಹೋಗುತ್ತಾಳೆ.

ತ್ರಿವೇಣಿ ಆ ಮನೆಯಿಂದ ನಿಜವಾಗಿ ಹೋದದ್ದು ಶಾಲೆ ಶುರುವಾದ ದಿನ, ಒಂದು ಗುರುವಾರ. ಮಳೆ ಬರುತ್ತಿತ್ತು, ಕೊಡೆ ತಗೊಂಡು ಹೋಗು ಎಂದು ಭೀಮವ್ವ ಅಂದರೆ, ಕೂಸು ಬರುವಾಗ ಬೇಕಾಗುತ್ತದೆ, ಇರಲಿ ಅಂದಳು.