ಪಾಳಿಯ ಆರನೆಯ ಡಬ್ಬಿ

ಹಿರೇಕೆರೂರಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಮಗಳು ಅಂಕಿತಾ ನನ್ನ ಜೊತೆ ಇಲ್ಲೇ ಇರುತ್ತಾಳೆ. ನಾನು ಕೆಲಸದಲ್ಲಿದ್ದಾಗ ಅವಳೆಲ್ಲಿ ಬೆಲ್ಟಿನ ಹತ್ತಿರ ಹೋಗುತ್ತಾಳೋ ಎಂಬ ಭಯಕ್ಕೇ ಕ್ಯಾಮೆರಾ ಹಾಕಿಸಿದೆ. ಬಾಗಿಲ ಮೇಲೆ ಕ್ಯಾಮೆರಾ, ನಾನು ಕಾಳು ಸುರಿಯುವಲ್ಲಿ ಟಿವಿ.

ನಮ್ಮಲ್ಲಿ ಜನ ಪಾಳಿಗೆ ಕಾಳಿನ ಡಬ್ಬಿ ಇಟ್ಟು ಮನೆಗೆ ಹೋಗುತ್ತಾರೆ. ಕ್ಯಾಮೆರಾ ಹಾಕಿಸಿದ ದಿನ ನೆಲದ ಮೇಲೆ ಐದು ಡಬ್ಬಿ ಸಾಲಾಗಿದ್ದವು. ಟಿವಿಯಲ್ಲಿ ಆರು ಕಂಡವು.

“ಕ್ಯಾಮೆರಾ ಹೊಸಾದೈತಿ ಅಕ್ಕಾರ, ನಿಮ್ಮ ಕಣ್ಣ ಹಳೇವಾಗ್ಯಾವ,” ಎಂದು ಅದನ್ನು ಹಾಕಿದ ಚನ್ನೇಶ ನಕ್ಕ. ಆಮೇಲೆ ತಾನೂ ಎಣಿಸಿದ. ಕ್ಯಾಮೆರಾ ಬಿಚ್ಚಿ ಎದುರು ಗೋಡೆಗೆ ಹಾಕಿದ. ಆಗಲೂ ಆರೇ.

“ನಾಳೆ ಬ್ಯಾರೇದು ತರ್ತೇನ್ರಿ,” ಎಂದು ಚಹಾ ಕೂಡ ಕುಡಿಯದೆ ಹೋದ.

ಒಂದೊಂದು ಡಬ್ಬಿ ಬೀಸಿ ಮುಗಿದಂತೆ ಅಂಕಿತಾ ಉಳಿದವನ್ನು ಮುಂದಕ್ಕೆ ತಳ್ಳುತ್ತಿದ್ದಳು. ಟಿವಿಯಲ್ಲಿ ಆರನೆಯದೂ ಮುಂದೆ ಬರುತ್ತಿತ್ತು. ಐದೂ ಮುಗಿದವು.

“ಅವ್ವಾ, ಇನ್ನೊಂದು ಐತಿ. ನಾನ ತರ್ತೇನಿ.”

“ಬ್ಯಾಡ. ಅಲ್ಲೇ ಕುಂದ್ರು.”

ಅಷ್ಟರಲ್ಲಿ ಅವಳು ಎದ್ದಾಗಿತ್ತು. ಭಾರ ಹೊತ್ತವಳಂತೆ ಬೆನ್ನು ಬಾಗಿಸಿ, ಬರಿಗೈ ಇಳಿಬಿಟ್ಟು, ತಿರುಗುತ್ತಿದ್ದ ಬೆಲ್ಟಿನತ್ತ ಕಾಲೆಳೆಯುತ್ತ ಬಂದಳು. ಸ್ವಿಚ್ ಆರಿಸಿ, ಓಡಿಹೋಗಿ ಅಪ್ಪಿಕೊಂಡೆ. ಆ ಸೆಕೆಯಲ್ಲೂ ಮಗುವಿನ ಮೈ ತಣ್ಣಗಿತ್ತು. ಟಿವಿ ನೋಡಿದೆ. ಅದರಲ್ಲಿ ನಾವಿಬ್ಬರೇ ಇದ್ದೆವು, ಡಬ್ಬಿ ಇರಲಿಲ್ಲ.

ಅಂಕಿತಾಳ ಎರಡೂ ಅಂಗೈಗಳಲ್ಲಿ ಡಬ್ಬಿಯ ತಂತಿ ಹಿಡಿಕೆ ಒತ್ತಿದಂಥ ಕೆಂಪು ಗೆರೆ ಮೂಡಿತ್ತು. ಇವತ್ತಿಗೆ ಒಂಬತ್ತು ದಿನ. ಆ ಗೆರೆ ಇನ್ನೂ ಮಾಸಿಲ್ಲ.