ಹಿಂದಕ್ಕೆ ಸುತ್ತಿದ ಟೇಪು

ಟೇಪು ತಿರುಗುತ್ತಿತ್ತು. ಹಾಡು ಮಾತ್ರ ಬರಲಿಲ್ಲ. ಬರೀ ಸುಯ್ ಎಂಬ ಸದ್ದು.

ಬಾನುಲಿ ಕೇಂದ್ರದ ಧ್ವನಿ ಭಂಡಾರದಲ್ಲಿ ದರ್ಜಿ ಹೆಂಗಸು ಹೆಡ್‌ಫೋನು ತೆಗೆಯದೆ ಕುಳಿತಿದ್ದಳು. ಆ ಟೇಪಿನಲ್ಲಿದ್ದದ್ದು ಅವಳ ತಾಯಿ ಗುನುಗಿದ್ದ, ಪದಗಳಿಲ್ಲದ ಲಾಲಿ. ಸತ್ತ ತಾಯಿಯ ದನಿ ಬೇರೆಲ್ಲೂ ಉಳಿದಿರಲಿಲ್ಲ. ಅವಳಿಗೆ ಅಳುವೂ ಬರಲಿಲ್ಲ. ಭಂಡಾರ ನೋಡಿಕೊಳ್ಳುವ ಅಕ್ಕ ನೀರು ತಂದಿಟ್ಟಳು. ಏನೂ ಕೇಳದೆ ಅವಳ ಹೆಗಲ ಮೇಲಿನ ದಾರದ ಎಳೆಯನ್ನು ತೆಗೆದಳು.

*

ಅಕ್ಕ ದೂರು ಕೊಟ್ಟಳು. ಪೊಲೀಸ್ ಇನ್‌ಸ್ಪೆಕ್ಟರ್ ಬಂದಳು.

"ನಮ್ಮ ತಂತ್ರಜ್ಞನನ್ನ ಬೈಬೇಡಿ ಮೇಡಂ," ಎಂದ ನಿರೂಪಕ. ದೇಶದೇಶಗಳ ಹೊಸ ಜನಪದ ಆಲ್ಬಂಗಳನ್ನು ಕೇಳುಗರಿಗೆ ಪರಿಚಯಿಸುವುದು ಅವನ ಕೆಲಸ. "ಪಾಪ, ದೊಡ್ಡ ಸ್ಪೀಕರನ್ನ ಆ ಕಪಾಟಿಗೆ ಒರಗಿಸಿಟ್ಟಿದ್ದ. ಒಳಗೆ ಅಯಸ್ಕಾಂತ ಇರತ್ತಲ್ಲ, ಟೇಪು ಅಳಿಸಿಹೋಗಿದೆ."

"ಒಳ್ಳೆ ಮಾತಲ್ಲೇ ನನ್ನ ತಲೆಗೆ ಕಟ್ಟಿದ್ರಲ್ಲ ಗುರುಗಳೇ!" ತಂತ್ರಜ್ಞ ಬೆವರಿದ.

ಇನ್‌ಸ್ಪೆಕ್ಟರ್ ಅಕ್ಕಪಕ್ಕದ ಟೇಪುಗಳನ್ನು ಹಾಕಿಸಿದಳು. ಎಲ್ಲವೂ ಸೊಗಸಾಗಿ ಹಾಡಿದವು.

"ಅಯಸ್ಕಾಂತಕ್ಕೆ ಇದೊಂದರ ಮೇಲೆ ಮಾತ್ರ ಸಿಟ್ಟಾ?" ಎಂದು ಅಕ್ಕನ ಕಡೆ ತಿರುಗಿದಳು. "ಇದನ್ನ ಹೇಗೆ ಹಾಕ್ತೀರಿ?"

"ಮೊದಲು ಹಿಂದಕ್ಕೆ ಸುತ್ತಬೇಕು. ಕೇಳಿದ ಮೇಲೆ ಸುತ್ತದೆ ಹಾಗೇ ಇಡ್ತೀವಿ, ಕೊನೆ ತುದಿ ಹೊರಗೆ. ಬಾಳಿಕೆ ಬರತ್ತೆ ಅಂತ." ಅಕ್ಕ ತಟ್ಟನೆ ನಿಂತಳು. "ಇವತ್ತು ನಾನು ಸುತ್ತಲೇ ಇಲ್ಲ ಕಣಮ್ಮ. ಶುರುವಿನ ತುದಿನೇ ಹೊರಗಿತ್ತು!"

*

ನಿರೂಪಕನ ಮೇಜಿನ ತುಂಬ ಹೊಸ ಆಲ್ಬಂಗಳು. ಕುರಿಗಾಹಿಗಳ ಮೇಳಗಾನ, ಮರಳುಗಾಡಿನ ತಂತಿವಾದ್ಯ. ಅವನು ಒಂದು ಕ್ಯಾಸೆಟ್ ಕೇಳಿಸಿ, ಮುಗಿದೊಡನೆ ಹಿಂದಕ್ಕೆ ಸುತ್ತಿಟ್ಟ.

"ಯಾಕೆ ಸುತ್ತಿದ್ರಿ?"

"ಮುಂದೆ ಕೇಳೋರಿಗೆ ಸುಲಭ ಆಗ್ಲಿ ಅಂತ. ಚಿಕ್ಕಂದಿನ ಅಭ್ಯಾಸ."

"ನೀವೇ ಸಂಗ್ರಹಿಸಿದ ಆಲ್ಬಂ ಬರ್ತಿದೆಯಂತೆ. ಅದನ್ನೂ ಹಾಕಿ."

ಅವನು ಕ್ಯಾಸೆಟ್ ಹಾಕಿ, ಗುಂಡಿಯಿಂದ ಕೈ ಹಿಂತೆಗೆದ. ಅವಳೇ ಗುಂಡಿ ಒತ್ತಿದಳು. ದೂರದ ದ್ವೀಪವೊಂದರ ಅಜ್ಞಾತ ಗಾಯಕಿಯ ಲಾಲಿಯೆಂದು ಹೊದಿಕೆಯ ಮೇಲಿತ್ತು. ನಗಾರಿಯ ಸದ್ದಿನ ನಡುವೆ ಹೆಂಗಸೊಬ್ಬಳು ಗುನುಗಿದಳು, ಮಗುವೊಂದು ಬಿಕ್ಕಳಿಸಿತು.

"ಆ ಬಿಕ್ಕಳಿಕೆ ನಂದು," ಎಂದಳು ಬಾಗಿಲಲ್ಲಿ ನಿಂತಿದ್ದ ದರ್ಜಿ. ದನಿ ಏರಲಿಲ್ಲ. "ಅಮ್ಮ ನನ್ನನ್ನ ಮಡಿಲಲ್ಲಿ ಮಲಗಿಸಿಕೊಂಡೇ ಹಾಡಿದ್ದು."

ಇನ್‌ಸ್ಪೆಕ್ಟರ್ ಹೇಳಿದಳು: "ಮೂಲ ಉಳಿದಿದ್ರೆ ದ್ವೀಪದ ಕತೆ ಸುಳ್ಳು ಅಂತ ಬಯಲಾಗ್ತಿತ್ತು. ಅಳಿಸಿದ್ರಿ. ಭಂಡಾರದವರು ಯಾರೂ ಟೇಪನ್ನ ಹಿಂದಕ್ಕೆ ಸುತ್ತಿ ಇಡೋದಿಲ್ಲ. ನೀವು ಸುತ್ತಿದ್ರಿ. ಕಳ್ಳತನದಲ್ಲೂ ನಿಮ್ಮ ಒಳ್ಳೆತನ ಬಿಡಲಿಲ್ಲ."

"ಆ ಹಾಡು ಲೋಕಕ್ಕೆಲ್ಲ ಕೇಳಿಸ್ಲಿ ಅಂತ..."

"ಮಗಳಿಗೊಬ್ಬಳಿಗೆ ಬಿಟ್ಟು?"

ಅವನು ತಲೆ ತಗ್ಗಿಸಿ ಡ್ರಾಯರ್ ಎಳೆದ. ನಗಾರಿ ಸೇರಿಸುವ ಮೊದಲು ಮಾಡಿಕೊಂಡಿದ್ದ ಪ್ರತಿ ಅಲ್ಲಿತ್ತು.

*

ಅಕ್ಕ ಯಂತ್ರಕ್ಕೆ ಆ ಪ್ರತಿಯನ್ನು ಹಾಕಿದಳು. ತಂತ್ರಜ್ಞ ಸದ್ದಾಗದಂತೆ ಫ್ಯಾನು ಆರಿಸಿದ. ತಾಯಿ ಗುನುಗಿದಳು. ಮಗು ಬಿಕ್ಕಳಿಸಿತು. ದರ್ಜಿ ಕಣ್ಣು ಮಿಟುಕಿಸದೆ ಕೇಳಿದಳು. ಹಾಡು ಮುಗಿಯಿತು.

ನಿರೂಪಕನ ಕೈ ತನ್ನಷ್ಟಕ್ಕೆ ಸುತ್ತುವ ಗುಂಡಿಯತ್ತ ಚಾಚಿತು.

"ಮುಟ್ಟಬೇಡಿ!"

ಅಂದು ದರ್ಜಿ ಗಟ್ಟಿಯಾಗಿ ಆಡಿದ್ದು ಅದೊಂದೇ ಮಾತು. ಆಮೇಲೆ ಅಳು ಬಂತು.