ಅಡ್ಡಗೆರೆಯ ಏಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅರ್ಧ ಆಯಸ್ಸು ನೆಲ ಅಗೆದೇ ಕಳೆದವನು ನಾನು. ಉಳಿದದ್ದು ಮ್ಯೂಸಿಯಂ ಡೈರೆಕ್ಟರ್ ಕುರ್ಚಿಯಲ್ಲಿ. ನಿವೃತ್ತಿಯ ವಾರ ಹೊಸ ಉತ್ಖನನದ ಮಡಕೆ ಚೂರುಗಳು ಬಂದವು. ಮಧ್ಯಾಹ್ನ ನಾನೇ ತೊಳೆಯಲು ಕೂತೆ.

ತೊಳೆದು ಒಣಗಿಸಿದ ಚೂರಿಗೆ ಕಪ್ಪು ಮಸಿಯಲ್ಲಿ ನಂಬರ್ ಬರೆಯುವುದು ನಮ್ಮ ಪದ್ಧತಿ. ಇಪ್ಪತ್ತು ವರ್ಷ ಆ ಕೆಲಸ ನನ್ನ ಹೆಂಡತಿಯದು. ಏಳರ ಅಂಕಿಗೆ ನಡುವೆ ಅಡ್ಡಗೆರೆ ಎಳೆದು, ಮಸಿ ಆರಲೆಂದು ಉಫ್ ಎಂದು ಊದುತ್ತಿದ್ದಳು.

"ಈ ಚೂರುಗಳನ್ನ ನೋಡೋ ಹಾಗೆ ಒಂದಿನ ನನ್ನನ್ನೂ ನೋಡ್ರೀ" ಎಂದು ನಗುತ್ತಿದ್ದಳು.

"ನೋಡಿದರಾಯ್ತು ಬಿಡು" ಅನ್ನುತ್ತಿದ್ದೆ. ಅವಳು ಹೋಗಿ ಹನ್ನೊಂದು ವರ್ಷ.

ಕೈಯಲ್ಲಿದ್ದ ಚೂರಿನ ಮಣ್ಣು ನೀರಿನಲ್ಲಿ ಕರಗಿತು. ಅಡಿಯಲ್ಲಿ ನಂಬರ್ ಇತ್ತು. ಕೊನೆಯ ಏಳಕ್ಕೆ ಅಡ್ಡಗೆರೆ.

"ಇದಕ್ಕೆ ಯಾರಪ್ಪ ನಂಬರ್ ಹಾಕಿದ್ದು?"

"ಯಾರೂ ಹಾಕಿಲ್ಲ ಸಾರ್. ಅಗೆದಿದ್ದನ್ನ ಮಣ್ಣಿನ ಸಮೇತ ತಂದಿದ್ದೀವಿ" ಎಂದ ಉಗ್ರಾಣದವನು, ಬಾಗಿಲಲ್ಲೇ ನಿಂತು.

ಫ್ಯಾನ್ ನಿಂತಿತ್ತು. ಆದರೂ ನನ್ನ ಒದ್ದೆ ಕೈಮೇಲೆ ಬೆಚ್ಚಗಿನ ಉಸಿರು ಬಿತ್ತು.

ರಿಜಿಸ್ಟರ್ ತೆರೆದೆ. ಅಂದು ಕೊಡಬೇಕಿದ್ದ ಮುಂದಿನ ನಂಬರ್ ಅದೇ. 'ಬರೆದವರು' ಎಂಬಲ್ಲಿ ಅವಳ ಹೆಸರು ಹಾಕಿ, ಆ ಚೂರನ್ನು ಸಂಜೆಯವರೆಗೂ ನೋಡುತ್ತ ಕೂತೆ.

ಚೂರಿನ ಮೇಲಿನ ಮಸಿ ಆರಲೇ ಇಲ್ಲ.